ಬಣ್ಣದ ಮೇಲೆ ಅಂಟಿಸಿದ ಪ್ಯಾನೆಲ್

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ನನಗಾಗ ಅರವತ್ತೊಂದು. ಬಸ್ಸುಗಳ ಬಾಡಿ ಕಟ್ಟುವ ಕಾರ್ಖಾನೆಯೊಂದರ ಗಾಜಿನ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಅದರಲ್ಲಿ ಕೊನೆಯ ಒಂಬತ್ತು ವರ್ಷ ಸೂಪರ್‌ವೈಸರ್ ಆಗಿದ್ದು, ನಿವೃತ್ತಳಾಗಿ ರಾಮಕೃಷ್ಣನಗರದ ಮನೆ ಸೇರಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವುದು ಒಗ್ಗಲಿಲ್ಲ. ಇಲವಾಲದ ಹತ್ತಿರ ಹುಣಸೂರು ರಸ್ತೆಯ ಪಕ್ಕ ಪ್ರಕಾಶ್ ಎಂಬಾತ ವ್ಯಾನುಗಳನ್ನು ಮೋಟರ್‌ಹೋಮ್‌ಗಳಾಗಿ ಮಾರ್ಪಡಿಸುವ ವರ್ಕ್‌ಶಾಪ್ ಇಟ್ಟಿದ್ದ. ಒಳಗೆ ಮಂಚ, ಅಡುಗೆ ಕಟ್ಟೆ, ಪುಟ್ಟ ಬಚ್ಚಲು ಎಲ್ಲ ಇರುವ, ಮನೆಯಂತೆ ಬಳಸುವ ವಾಹನಗಳು ಅವು. ಅಲ್ಲಿ ನಾನು ಮಂಗಳವಾರ ಮತ್ತು ಶುಕ್ರವಾರ ಹೋಗಿ ಅಂಟಿನ ಕೆಲಸ ನೋಡಿಕೊಳ್ಳುತ್ತಿದ್ದೆ.

ಈ ಬರಹವನ್ನು ಸಮಾಧಾನದಿಂದ ಬರೆಯಬೇಕೆಂದು ಮೂರು ಸಲ ಕೂತೆ. ಆಗಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಹೊಂದಿಕೊಳ್ಳಬೇಕು.

ಅಂಟಿನ ಕೆಲಸ ಎಂದರೆ ಜನ ನಗುತ್ತಾರೆ. "ಗಮ್ ಹಾಕಿ ಅಂಟಿಸೋದಕ್ಕೂ ಸೂಪರ್‌ವೈಸರ್ ಬೇಕಾ?" ಎಂದು ನನ್ನ ನೆಂಟರೇ ಕೇಳಿದ್ದಾರೆ. ನೀವು ಕೂತು ಹೋಗುವ ದೊಡ್ಡ ಬಸ್ಸಿನ ಮುಂಗಾಜನ್ನು ಒಮ್ಮೆ ನೋಡಿ. ಎತ್ತಲು ನಾಲ್ಕು ಜನ ಬೇಕಾಗುವ ಆ ಗಾಜಿಗೆ ಒಂದು ಸ್ಕ್ರೂ ಕೂಡ ಇಲ್ಲ. ಚೌಕಟ್ಟಿನ ಸುತ್ತ ಬೆರಳು ದಪ್ಪಕ್ಕೆ ಎಳೆದ ಕಪ್ಪು ಪಾಲಿಯುರೆಥೇನ್ ಅಂಟು, ಅಷ್ಟೇ ಅದನ್ನು ಹಿಡಿದಿರುವುದು. ಘಾಟಿಯ ತಿರುವುಗಳಲ್ಲಿ ಬಸ್ಸು ಮೈಮುರಿದರೂ ಗಾಜು ಬೀಳದಿರುವುದು ಅದರಿಂದ. ಅಂಟು ಸರಿಯಾಗಿ ಕೂರಬೇಕಾದರೆ ಮೇಲ್ಮೈ ಸ್ವಚ್ಛವಾಗಿರಬೇಕು, ಉಜ್ಜಿ ತರಿತರಿಯಾಗಿರಬೇಕು, ಪ್ರೈಮರ್ ಎಂಬ ತಳಲೇಪ ಬಳಿದು ಅದು ಆರಬೇಕು, ಅಂಟು ಒಣಗುವ ತನಕ ಯಾರೂ ಅಲ್ಲಾಡಿಸಬಾರದು. ನಾಲ್ಕೇ ಮಾತು. ಈ ನಾಲ್ಕು ಮಾತನ್ನು ಕಾರ್ಖಾನೆಯಲ್ಲಿ ಎಷ್ಟು ಸಾವಿರ ಸಲ ಕೂಗಿ ಹೇಳಿದ್ದೇನೋ ಲೆಕ್ಕವಿಲ್ಲ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಗೋಪಾಲಯ್ಯನವರು ತಮ್ಮ ಮೋಟರ್‌ಹೋಮ್ ತಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದರು. ಸಿದ್ಧಾರ್ಥನಗರದವರು, ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿ ನಿವೃತ್ತರಾದವರು. ಹಳೆಯ ಹದಿನೇಳು ಸೀಟಿನ ವ್ಯಾನೊಂದನ್ನು ಕೊಂಡು, ಮೇಲೆ ಫೈಬರ್ ಚಾವಣಿ ಕೂರಿಸಿ, ಒಳಗೆ ಇಬ್ಬರು ಮಲಗುವಂತೆ ಮಾಡಿಸಿಕೊಂಡಿದ್ದರು. ಅವರು ಗಾಡಿ ಹಿಂದಕ್ಕೆ ತೆಗೆದು ನಿಲ್ಲಿಸಿದ ರೀತಿ ನೋಡಿಯೇ ನನಗೆ ಗೌರವ ಬಂತು. ಒಂದೇ ಸಲಕ್ಕೆ, ಗೋಡೆಗೆ ಒಂದು ಗೇಣು ಬಿಟ್ಟು, ಗೆರೆ ಎಳೆದ ಹಾಗೆ.

"ಮೇಡಂ, ಇದ್ರ ಮೇಲೆ ಒಂದು ತೂತನ್ನೂ ಹೊಡೀದೆ ಸೋಲಾರ್ ಪ್ಯಾನೆಲ್ ಕೂರ್ಸಿಕೊಡಕ್ಕೆ ಆಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ಹೊರಟ್ಹೋಯ್ತೀನಿ" ಎಂದರು.

ತೂತು ಎಂಬ ಮಾತಿಗೆ ಅವರು ಅಷ್ಟು ಹೆದರಲು ಕಾರಣವಿತ್ತು. ಹಿಂದಿನ ವರ್ಷ ಬೇರೆ ಯಾರೋ ಚಾವಣಿಗೆ ಇಪ್ಪತ್ತನಾಲ್ಕು ತೂತು ಕೊರೆದು ಪ್ಯಾನೆಲ್‌ಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದರಂತೆ. ಮೊದಲ ಮಳೆಗೇ ನೀರು ಇಳಿದಿತ್ತು. ಒಳಗಿನ ಪ್ಲೈವುಡ್ ಉಬ್ಬಿ, ಹನಿ ಹನಿಯಾಗಿ ಬಿದ್ದದ್ದು ಮಂಚದ ತಲೆದಿಂಬಿನ ಪಕ್ಕ ಇಟ್ಟಿದ್ದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮೇಲೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಳವೆಯಲ್ಲಿ ಕೊಡುವ ಯಂತ್ರ ಅದು. ಅವರ ಹೆಂಡತಿ ಲೀಲಾವತಿಯವರಿಗೆ ಕೊರೊನಾ ಬಂದು ಹೋದ ಮೇಲೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಮಲಗಿದಾಗ ಆ ಯಂತ್ರ ಬೇಕೇ ಬೇಕು, ದಾರಿಯಲ್ಲಿ ಅದಕ್ಕೆ ಕರೆಂಟು ಸೋಲಾರಿನಿಂದಲೇ ಬರಬೇಕು. ನೀರು ಬಿದ್ದು ಅದು ಸುಟ್ಟುಹೋಗಿ, ಅರಸೀಕೆರೆಯಿಂದ ಆಂಬುಲೆನ್ಸಿನಲ್ಲಿ ವಾಪಸು ಬರಬೇಕಾಯಿತು.

ಲೀಲಾವತಿಯವರೂ ಜೊತೆಗೆ ಬಂದಿದ್ದರು. ಗಾಡಿಯ ಬಾಗಿಲಲ್ಲೇ ಕೂತು ನಿಧಾನವಾಗಿ, ಒಂದೊಂದು ಮಾತಿಗೂ ಉಸಿರು ಹೊಂದಿಸಿಕೊಂಡು ಹೇಳಿದರು: "ಇವ್ರು ಮೂವತ್ತೊಂದು ವರ್ಷ ಊರವರನ್ನೆಲ್ಲ ಸುತ್ತಾಡ್ಸಿದ್ರು ಕಣಮ್ಮ. ನನ್ನನ್ನ ಬುಟ್ಟು. ಮರವಂತೇಲಿ ಒಂದ್ಕಡೆ ಸಮುದ್ರ, ಒಂದ್ಕಡೆ ಹೊಳೆ, ನಡುವೆ ರಸ್ತೆ ಅಂತ ಬಂದು ಹೇಳೋರು. ಕೇಳಿ ಕೇಳಿ ಸಾಕಾಗಿದೆ. ಒಂದ್ಸಲ ನೋಡ್ಬೇಕು."

ಬಸ್ಸಿನ ಗಾಜನ್ನು ಸ್ಕ್ರೂ ಇಲ್ಲದೆ ನಿಲ್ಲಿಸಿದ ನನಗೆ ಹನ್ನೊಂದು ಕೆಜಿಯ ಎರಡು ಪ್ಯಾನೆಲ್ ಯಾವ ಲೆಕ್ಕ? "ಆಗುತ್ತೆ. ಒಂದು ತೂತೂ ಇಲ್ಲದೆ ಮಾಡಿಕೊಡ್ತೀನಿ" ಎಂದೆ. "ನಾನು" ಎಂದೇ ಹೇಳಿದ್ದೆ. ಪ್ರಕಾಶ್ ಮಾಡಿಕೊಡುತ್ತಾನೆ ಎಂದಿರಲಿಲ್ಲ.

ಯೋಜನೆ ಸರಳವಾಗಿತ್ತು. ಪ್ರತಿ ಪ್ಯಾನೆಲ್ಲಿನ ನಾಲ್ಕು ಮೂಲೆಗೆ ನಾಲ್ಕು, ಉದ್ದದ ಬದಿಗಳಿಗೆ ಎರಡು, ಒಟ್ಟು ಆರು ಗಟ್ಟಿ ಪ್ಲಾಸ್ಟಿಕ್ ಬ್ರಾಕೆಟ್‌ಗಳು. ಬ್ರಾಕೆಟ್‌ನ ತಳ ಚಾವಣಿಗೆ ಅಂಟುತ್ತದೆ, ಪ್ಯಾನೆಲ್‌ನ ಚೌಕಟ್ಟು ಬ್ರಾಕೆಟ್‌ಗೆ ಬಿಗಿಯುತ್ತದೆ. ಕೆಳಗೆ ಗಾಳಿ ಆಡಲು ಸಂದು ಇರುತ್ತದೆ, ಇಲ್ಲದಿದ್ದರೆ ಪ್ಯಾನೆಲ್ ಕಾದು ಕರೆಂಟು ಕಡಿಮೆಯಾಗುತ್ತದೆ. ಚಾವಣಿಯಲ್ಲಿ ಮೊದಲೇ ಇದ್ದ ಗಾಳಿಕಿಂಡಿಯ ಪಕ್ಕದಿಂದ ವೈರನ್ನು ಒಳಗೆ ಇಳಿಸಿದರೆ ಅದಕ್ಕೂ ಹೊಸ ತೂತು ಬೇಡ. ಹಳೆಯ ಇಪ್ಪತ್ತನಾಲ್ಕು ತೂತುಗಳನ್ನು ಫೈಬರ್ ಮತ್ತು ರೆಸಿನ್ ಹಾಕಿ ಮುಚ್ಚಿಸಿದೆ. ಮೂರು ವಾರ ಕಳೆದ ಮೇಲೆ ಒಂದು ಮಂಗಳವಾರ ನಾನೇ ಮೇಲೆ ಹತ್ತಿ, ಬ್ರಾಕೆಟ್ ಕೂರುವ ಹನ್ನೆರಡು ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ, ಹೊಳಪೆಲ್ಲ ಹೋಗುವ ತನಕ ಎಮರಿ ಪೇಪರಿನಿಂದ ಉಜ್ಜಿದೆ. ಆ ಚಾವಣಿಯದೇ ಒಂದು ಹಳೆಯ ತುಂಡಿಗೆ ಬ್ರಾಕೆಟ್ ಅಂಟಿಸಿ, ಅದರಿಂದ ಅರವತ್ತು ಕೆಜಿ ಮರಳಿನ ಚೀಲ ಇಳಿಬಿಟ್ಟು ಮೊದಲೇ ಪರೀಕ್ಷೆ ಮಾಡಿದ್ದೆ. ನಾಲ್ಕು ದಿನ ತೂಗಾಡಿದರೂ ಕೂದಲೆಳೆಯಷ್ಟೂ ಜರುಗಿರಲಿಲ್ಲ.

ಪ್ರಕಾಶ್ ಏಣಿ ಹತ್ತಿ ಬಂದು ನೋಡಿದ. ಮುಚ್ಚಿದ ತೂತುಗಳು ಬೂದು ಬಣ್ಣದ ತೇಪೆಗಳಾಗಿ ಕಾಣುತ್ತಿದ್ದವು.

"ಮೇಡಂ, ಇದೇನು ಸಿಡುಬು ಬಂದಂಗಿದೆ. ಜಾಹೀರಾತಿಗೆ ಡ್ರೋನ್‌ನಲ್ಲಿ ಮೇಲಿಂದ ವಿಡಿಯೋ ತೆಗಿಸ್ಬೇಕು ಅಂತ ಇದೀನಿ."

"ಏನೇ ಮಾಡೋದಿದ್ರೂ ಬ್ರಾಕೆಟ್ ಕೂತ ಮೇಲೆ ಮಾಡಿ. ಅದರ ಅಡಿಗೆ ಬಣ್ಣ ಬರಬಾರದು" ಎಂದೆ. ಹೇಳಿದ್ದು ನಿಜ. ಆದರೆ ಬಾಯಲ್ಲಿ ಹೇಳಿದೆ, ಬರೆದು ಕೊಡಲಿಲ್ಲ.

ಅಂಟಿಸುವ ಕೆಲಸ ಶುಕ್ರವಾರಕ್ಕಿತ್ತು. ಆ ಶುಕ್ರವಾರ ನಂಜನಗೂಡಿನಲ್ಲಿ ನನ್ನ ತಮ್ಮನ ಮಗಳ ನಿಶ್ಚಿತಾರ್ಥ. ಕೆಲಸವನ್ನು ಮುಂದಿನ ಮಂಗಳವಾರಕ್ಕೆ ಹಾಕೋಣ ಎಂದು ಅಂದೇ ಹೇಳಿದೆ. ಪ್ರಕಾಶ್ ಒಪ್ಪಲಿಲ್ಲ. ಮುಂದಿನ ಗುರುವಾರ ಗಾಡಿ ಕೊಡುತ್ತೇನೆಂದು ಹೇಳಿಯಾಗಿದೆ, ಅಂಟು ಒಣಗಲು ದಿನ ಬೇಕೆಂದು ನೀವೇ ಹೇಳುತ್ತೀರಿ, ಫಿಟ್ಟರ್ ನಿಮ್ಮ ಕೈಯಲ್ಲೇ ಪಳಗಿದವನು, ಅವನು ಮಾಡುತ್ತಾನೆ ಎಂದ. ಆಮೇಲೆ ಚೆಕ್ ಶೀಟ್ ತಂದು ಮುಂದೆ ಹಿಡಿದ. ಕೆಲಸದ ಪ್ರತಿ ಹಂತ ಮುಗಿದಂತೆ ಗುರುತು ಹಾಕಿ, ಕೊನೆಗೆ ಪರಿಶೀಲಿಸಿದವರು ಸಹಿ ಮಾಡುವ ಹಾಳೆ ಅದು. ಏಳು ಸಾಲುಗಳಲ್ಲಿ ಮೂರು ಮಾತ್ರ ತುಂಬಿದ್ದವು.

"ಒಂದು ಸಹಿ ಹಾಕ್ಬುಡಿ ಮೇಡಂ. ಮಿಕ್ಕಿದ್ದು ಅವನು ಟಿಕ್ ಮಾಡ್ಕೋತಾನೆ."

ಹಾಕಿದೆ.

ಕಾರ್ಖಾನೆಯಲ್ಲಿ ಹೀಗೆ ಮುಂಚಿತವಾಗಿ ಸಹಿ ಹಾಕಿದ ಒಬ್ಬನನ್ನು ನಾನು ಸೆಕ್ಷನ್ನಿನಿಂದಲೇ ಎತ್ತಂಗಡಿ ಮಾಡಿಸಿದ್ದೆ. ಅವನು ಅತ್ತು ಬೇಡಿಕೊಂಡರೂ ಕರಗಿರಲಿಲ್ಲ. ಅಂಥ ನಾನು, ಒಂದು ನಿಶ್ಚಿತಾರ್ಥದ ಊಟಕ್ಕೆ ತಡವಾಗಬಾರದೆಂದು, ನಾಲ್ಕು ಖಾಲಿ ಸಾಲುಗಳ ಕೆಳಗೆ ಹೆಸರು ಬರೆದೆ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮುಂದಿನ ಮಂಗಳವಾರ ನಾನು ವರ್ಕ್‌ಶಾಪಿಗೆ ಹೋಗಿದ್ದೆ. ಗಾಡಿ ಮೂಲೆಯಲ್ಲಿ ನಿಂತಿತ್ತು. ಅದರ ಚಾವಣಿ ಒಂಬತ್ತೂವರೆ ಅಡಿ ಎತ್ತರ, ಕೆಳಗಿನಿಂದ ಪ್ಯಾನೆಲ್‌ನ ಅಂಚು ಮಾತ್ರ ಕಾಣುತ್ತದೆ. "ಹೇಗೆ ಕೂತಿದೆ?" ಎಂದು ಕೇಳಿದೆ. "ಬಂಡೆ ಥರ ಮೇಡಂ" ಎಂದ ಪ್ರಕಾಶ್. ಏಣಿ ಗಾಡಿಯ ಹಿಂಬದಿಯಲ್ಲೇ ಇತ್ತು. ಅಂದು ನನ್ನ ಮಂಡಿ ನೋಯುತ್ತಿತ್ತು. ಹತ್ತಲಿಲ್ಲ. ಹತ್ತು ಮೆಟ್ಟಿಲು. ಹತ್ತಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತಿತ್ತು.

ಗುರುವಾರ ಗಾಡಿ ಮನೆಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ವರ್ಕ್‌ಶಾಪಿಗೆ ಹೊರಡುತ್ತಿದ್ದಾಗ ಗೋಪಾಲಯ್ಯನವರ ಫೋನ್ ಬಂತು. ಧ್ವನಿ ಗುರುತೇ ಸಿಗಲಿಲ್ಲ.

"ಮೇಡಂ, ಪ್ಯಾನೆಲ್ ಹಾರೋಯ್ತು. ಹಿಂದೆ ಬತ್ತಿದ್ದ ಹೆಣ್ಮಗಳು ಬಿದ್ಬುಟ್ಲು."

ಇಲವಾಲ ದಾಟಿ ಸುಮಾರು ಎರಡು ಕಿಲೋಮೀಟರ್ ಹೋದ ಮೇಲೆ ನಡೆದದ್ದು. ಸ್ಕೂಟರಿನಲ್ಲಿ ಹೋಗಿ ನೋಡಿದೆ. ಮೋಟರ್‌ಹೋಮ್ ರಸ್ತೆ ಬದಿಗೆ ನಿಂತಿತ್ತು. ಮುಂದಿನ ಪ್ಯಾನೆಲ್ ಇರಲಿಲ್ಲ. ಗಾಳಿ ಅದರ ಮುಂದಿನ ಅಂಚಿಗೆ ಸಿಕ್ಕಿ, ಅದು ಮೇಲೆದ್ದು, ವೈರಿನಲ್ಲಿ ಒಂದು ಕ್ಷಣ ನೇತಾಡಿ, ಕಿತ್ತು ಹಿಂದಕ್ಕೆ ಹಾರಿತ್ತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಮಂಜುಳಾ ಎಂಬಾಕೆ ಅದನ್ನು ತಪ್ಪಿಸಲು ಬ್ರೇಕ್ ಹಿಡಿದು ಜಾರಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ನಾನು ತಲುಪುವ ಹೊತ್ತಿಗೆ ಯಾರೋ ಕಾರಿನವರು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ರಸ್ತೆಯ ತುಂಬ ಪುಡಿಗಾಜು. ಅದರ ನಡುವೆ ಅವಳ ಒಂದು ಚಪ್ಪಲಿ, ಸ್ಟೀಲಿನ ಊಟದ ಡಬ್ಬಿ.

ಗೋಪಾಲಯ್ಯನವರು ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬರಿಗೈಯಿಂದ ಗಾಜು ಆರಿಸುತ್ತಿದ್ದರು. "ಐವತ್ತೈದರಲ್ಲಿದ್ದೆ ಮೇಡಂ. ಐವತ್ತೈದು ದಾಟಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ನಾಯಿಮರಿಗೂ ಗಾಡಿ ತಾಗ್ಸಿಲ್ಲ ನಾನು" ಎಂದು ಅದನ್ನೇ ಹೇಳುತ್ತಿದ್ದರು, ನನಗಲ್ಲ, ರಸ್ತೆಗೆ. ಲೀಲಾವತಿಯವರು ಗಾಡಿಯೊಳಗೆ ಕೊಳವೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು.

ಮುರಿದ ಪ್ಯಾನೆಲ್ಲನ್ನು ತಿರುಗಿಸಿದೆ. ಬ್ರಾಕೆಟ್‌ಗಳು ಚೌಕಟ್ಟಿಗೆ ಹಾಗೇ ಕಚ್ಚಿಕೊಂಡಿದ್ದವು. ಅವುಗಳ ತಳದಲ್ಲಿ ಕಪ್ಪು ಅಂಟು ಇಡಿಯಾಗಿತ್ತು. ಆ ಅಂಟಿನ ಮೇಲೆ, ಅಂಗೈಯಗಲ, ನುಣುಪಾದ ಬಿಳಿ ಬಣ್ಣದ ಪದರ.

ನನ್ನ ಕಸುಬಿನವರಿಗೆ ಇದನ್ನು ಓದಲು ಎರಡು ಸೆಕೆಂಡು ಸಾಕು. ಅಂಟೇ ನಡುವೆ ಹರಿದಿದ್ದರೆ ಎರಡು ಕಡೆಯೂ ಕಪ್ಪು ಉಳಿಯುತ್ತದೆ. ಚಾವಣಿ ಕೊಳೆಯಾಗಿದ್ದರೆ ಅಂಟಿನ ತಳ ಬೋಳಾಗಿ ಹೊಳೆಯುತ್ತದೆ. ಇಲ್ಲಿ ಅಂಟು ತನ್ನ ಕೆಲಸ ಮಾಡಿತ್ತು. ಅದು ಬಣ್ಣವನ್ನು ಗಟ್ಟಿಯಾಗಿ ಹಿಡಿದಿತ್ತು. ಬಣ್ಣ ಚಾವಣಿಯನ್ನು ಹಿಡಿದಿರಲಿಲ್ಲ.

ಗಾಡಿಯ ಹಿಂದಿನ ಏಣಿ ಹತ್ತಿದೆ. ನಾನು ತರಿತರಿಯಾಗಿ ಉಜ್ಜಿಟ್ಟಿದ್ದ ಹನ್ನೆರಡು ಜಾಗಗಳಾಗಲಿ, ಬೂದು ತೇಪೆಗಳಾಗಲಿ ಎಲ್ಲೂ ಇರಲಿಲ್ಲ. ಇಡೀ ಚಾವಣಿ ಮದುವೆ ಮನೆಯ ಗೋಡೆಯಂತೆ ಬಿಳಿಯಾಗಿ ಹೊಳೆಯುತ್ತಿತ್ತು. ಉಳಿದಿದ್ದ ಪ್ಯಾನೆಲ್ಲಿನ ಒಂದು ಬ್ರಾಕೆಟ್ ಹಿಡಿದು ಎಳೆದೆ. ಅರವತ್ತು ಕೆಜಿ ಮರಳಿಗೆ ಜಗ್ಗದಿದ್ದ ಬ್ರಾಕೆಟ್ಟು, ಮಂಡಿ ನೋವಿನ ಮುದುಕಿಯ ಒಂದು ಕೈಗೆ, ಪುಸ್ತಕದ ಮೇಲಿನ ಲೇಬಲ್ ಎದ್ದ ಹಾಗೆ ಎದ್ದು ಬಂತು. ಅಲ್ಲೇ, ಚಾವಣಿಯ ಮೇಲೆ ಕೂತು, ಕೆಟ್ಟ ಮಾತಿನಲ್ಲಿ ಬೈದೆ. ಬದುಕಿನಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಆ ಬ್ರಾಕೆಟ್ಟನ್ನು ಚೌಕಟ್ಟಿನಿಂದ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ನೇರ ವರ್ಕ್‌ಶಾಪಿಗೆ ಹೋದೆ. ಪ್ರಕಾಶನಿಗೆ ಸುದ್ದಿ ತಲುಪಿತ್ತು. ಅವನ ಮೇಜಿನ ಮೇಲೆ ಬ್ರಾಕೆಟ್ ಇಟ್ಟೆ.

"ಬಣ್ಣ ಯಾವಾಗ ಹೊಡೆಸಿದ್ರಿ?"

"ಓ ಅದಾ? ಬುಧವಾರ ಒಂದೇ ಒಂದು ಕೋಟ್ ಕೊಡಿಸ್ದೆ ಮೇಡಂ. ಅಸಹ್ಯವಾಗಿ ಕಾಣ್ತಿತ್ತಲ್ಲ."

"ಉಜ್ಜಿದ ಜಾಗದ ಮೇಲೂ?"

"ಅಲ್ಲಿ ಮಾತ್ರ ಬಿಟ್ರೆ ತೇಪೆ ತೇಪೆ ಕಾಣಲ್ವಾ? ಬಣ್ಣ ಒಣಗಿತ್ತು, ಫಿಟ್ಟರ್ ಒರೆಸಿಯೇ ಅಂಟಿಸಿದಾನೆ. ನಂಗೇನು ಗೊತ್ತು ಮೇಡಂ, ಒಂದು ಕೋಟ್ ಬಣ್ಣಕ್ಕೆ ಇಷ್ಟೆಲ್ಲ ಆಗುತ್ತೆ ಅಂತ."

ಗೊತ್ತಿರಲಿಲ್ಲವೇ? ಅದರ ಅಡಿಗೆ ಬಣ್ಣ ಬರಬಾರದೆಂದು ಅವನ ಮುಖ ನೋಡಿ ಹೇಳಿದ್ದೆ. ಅವನಿಗೆ ಗೊತ್ತಿತ್ತು. ಆದರೆ ಹೇಳಿದ್ದು ಒಬ್ಬ ಹೆಂಗಸು, ಅದೂ ಅಂಟಿನ ವಿಷಯ. ಅವನ ಲೆಕ್ಕದಲ್ಲಿ ಅದು ಮಡಿ ಮೈಲಿಗೆಯ ಮಾತಿನಷ್ಟೇ, ಎದುರಿಗೆ ಹೂಂ ಎಂದು ಹಿಂದೆ ಬಿಟ್ಟುಬಿಡುವಂಥದ್ದು.

ನಾನು ಬಾಯಿ ತೆಗೆಯುವ ಮೊದಲೇ ಅವನು ಕುರ್ಚಿ ಎಳೆದು, ಧ್ವನಿ ತಗ್ಗಿಸಿ, ಮಗ ತಾಯಿಗೆ ಬುದ್ಧಿ ಹೇಳುವಂತೆ ಶುರು ಮಾಡಿದ. "ಕೂತ್ಕೊಳ್ಳಿ ಮೇಡಂ. ಒಂದು ಲೆಟರ್ ಕೊಡಿ. ಅಂಟಿನ ಕೆಲಸ ಸರಿಯಾಗಿತ್ತು, ಡ್ರೈವರ್ ವಿಪರೀತ ಸ್ಪೀಡಲ್ಲಿ ಓಡಿಸಿದ್ರಿಂದ ಗಾಳಿಗೆ ಕಿತ್ತಿದೆ ಅಂತ. ನಿಮ್ಮಂಥ ಅನುಭವಸ್ಥರು ಬರೆದ್ರೆ ಪೊಲೀಸ್ನೋರು, ಇನ್ಶೂರೆನ್ಸ್ನೋರು ಎಲ್ಲ ನಂಬ್ತಾರೆ."

"ಅವರು ಐವತ್ತೈದರಲ್ಲಿದ್ದರು."

"ಯಾರು ನೋಡಿದಾರೆ? ವಯಸ್ಸಾದವ್ರು. ಕಾಲು ಆಕ್ಸಿಲರೇಟರ್ ಮೇಲೆ ಎಷ್ಟು ಒತ್ತಿತ್ತೋ ಅವ್ರಿಗೇ ಗೊತ್ತಿರಲ್ಲ." ಆಮೇಲೆ ಡ್ರಾಯರಿನಿಂದ ಚೆಕ್ ಶೀಟ್ ತೆಗೆದು ಬ್ರಾಕೆಟ್‌ನ ಪಕ್ಕ ಇಟ್ಟ. ಏಳು ಸಾಲುಗಳಿಗೂ ಟಿಕ್ ಬಿದ್ದಿತ್ತು. ಕೆಳಗೆ ನನ್ನ ದುಂಡನೆಯ ಸಹಿ. "ನಿಮ್ಮ ಸಹಿ ಇದೆ. ಲೆಟರ್ ಕೊಟ್ರೆ ಇಬ್ರೂ ಬಚಾವ್. ಕೊಡದಿದ್ರೆ ಇಬ್ರೂ ಮುಳುಗ್ತೀವಿ."

ನಾನು ಆ ಹಾಳೆಯನ್ನು ಅವನ ಕಡೆಗೇ ಸರಿಸಿದೆ.

"ಮುಳುಗೋಣ" ಎಂದೆ. ಬ್ರಾಕೆಟ್ ಎತ್ತಿಕೊಂಡು ಹೊರಟೆ.

ಅಂದು ಮಧ್ಯಾಹ್ನ ಮನೆಯಲ್ಲಿ ಕೂತು ವರದಿ ಬರೆದೆ. ಎರಡೂವರೆ ಪುಟ. ಯಾವ ಮೇಲ್ಮೈ, ಯಾವ ಅಂಟು, ಯಾವ ದಿನ ಏನಾಯಿತು, ಬ್ರಾಕೆಟ್‌ನ ತಳ ಏನು ಹೇಳುತ್ತದೆ, ಗಾಡಿಯ ವೇಗಕ್ಕೂ ಇದಕ್ಕೂ ಯಾಕೆ ಸಂಬಂಧವಿಲ್ಲ. ಕೊನೆಯ ಪ್ಯಾರಾ ಬರೆಯಲು ಮಿಕ್ಕ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು: ಚೆಕ್ ಶೀಟಿನ ಸಹಿ ನನ್ನದೇ, ಕೆಲಸ ಮುಗಿಯುವ ಮೊದಲೇ ಹಾಕಿದ್ದು, ಮುಗಿದ ಮೇಲೆ ನಾನು ಹತ್ತಿ ನೋಡಿಲ್ಲ.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು. "ಅಮ್ಮಾ, ನಿಮ್ಮ ತಪ್ಪನ್ನ ನೀವೇ ಬರ್ದುಕೊಂಡಿದೀರ. ಮನೇಲಿ ಕೇಳಿದೀರಾ?"

"ಕೇಳೋದೇನಿದೆ ಸಾರ್. ನಡೆದದ್ದೇ ಹಾಗೆ."

ಅವರು ಬ್ರಾಕೆಟ್ ತೆಗೆದುಕೊಂಡು ರಸೀದಿ ಕೊಟ್ಟರು. ಗೋಪಾಲಯ್ಯನವರ ಮೇಲೆ ಅಜಾಗರೂಕ ಚಾಲನೆ ಎಂದು ಬರೆಯಲು ಹೊರಟಿದ್ದವರು ಅದನ್ನು ನಿಲ್ಲಿಸಿದರು.

ಸಂಜೆ ಸಿದ್ಧಾರ್ಥನಗರಕ್ಕೆ ಹೋಗಿ ಆ ವರದಿಯ ಪ್ರತಿಯನ್ನು ಗೋಪಾಲಯ್ಯನವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಕೊನೆಯ ಪ್ಯಾರಾ ತಲುಪಿದಾಗ ಅವರ ಮುಖ ಕೆಂಪಾಯಿತು. ಧನ್ಯವಾದ ಹೇಳುತ್ತಾರೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಕಾದಿದ್ದೆ, ನಾಚಿಕೆಯಾಗುತ್ತದೆ ಈಗ.

"ಆ ಪ್ರಕಾಶನ್ನ ನಂಬಿ ಗಾಡಿ ಬುಟ್ಟಿದ್ನಾ ನಾನು? ನಿಮ್ಮನ್ನ ನಂಬಿ ಮೇಡಂ! ನೀವು ಆ ಮಂಗಳವಾರ ಉಜ್ಜುತಿದ್ರಲ್ಲ, ಅದನ್ನ ನೋಡ್ಬುಟ್ಟು ಮನೇಗ್ ಬಂದು ಇವಳಿಗೆ ಹೇಳ್ದೆ, ಸರಿಯಾದೋರ ಕೈಗೆ ಬಿದ್ದಿದೀವಿ ಅಂತ. ಹತ್ತಿ ನೋಡಕ್ಕಾಗ್ಲಿಲ್ವಾ ನಿಮಗೆ? ಬಸ್ಸು ಡಿಪೋದಿಂದ ಹೊರಡೋಕೆ ಮೊದ್ಲು ದಿನಾ ನಾನು ಆರು ಚಕ್ರನೂ ಒದ್ದು ನೋಡ್ತಿದ್ದೆ. ದಿನಾ!"

ಬೀದಿಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಒಳಗಿನಿಂದ ಲೀಲಾವತಿಯವರು ಗೋಡೆ ಹಿಡಿದುಕೊಂಡು ಬಂದರು.

"ಬೈದಾಯ್ತಲ್ಲ. ಸರಿಯಾಗೇ ಬೈದ್ರಿ. ಈಗ ಅದನ್ನ ಯಾರು ಸರಿ ಮಾಡ್ತಾರೆ ಕೇಳಿ ಕಣ್ರೀ" ಎಂದರು.

ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಕೆಲಸ ಶುರು ಮಾಡಿದೆ. ಪ್ರಕಾಶನ ವರ್ಕ್‌ಶಾಪಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಅವನೇ ಗೇಟು ಮುಚ್ಚಿದ್ದ. ನನ್ನ ಹಳೆಯ ಸೆಕ್ಷನ್ನಿನ ಸಾವಿತ್ರಿ, ನನ್ನ ಜೊತೆಗೇ ನಿವೃತ್ತಳಾದವಳು, ಕರೆದ ಕೂಡಲೆ ಬಂದಳು. ಮೂರು ದಿನ ಬಣ್ಣ ಕೆರೆದೆವು. ಬಿಳಿ ಹೋಗಿ ಫೈಬರ್‌ನ ಮೂಲ ಮೈ ಕಾಣುವ ತನಕ. ಒರೆಸಿದ ಬಟ್ಟೆಯನ್ನು ಮತ್ತೆ ಮುಟ್ಟಲಿಲ್ಲ, ಪ್ರತಿ ಸಲ ಹೊಸ ಬಟ್ಟೆ. ಪ್ರೈಮರ್ ಆರುವ ಹೊತ್ತನ್ನು ಗಡಿಯಾರ ಇಟ್ಟು ನೋಡಿದೆವು. ಬ್ರಾಕೆಟ್‌ನ ಅಡಿಯಲ್ಲಿ ಮೂರು ಮಿಲಿಮೀಟರಿನ ರಬ್ಬರ್ ತುಂಡುಗಳನ್ನಿಟ್ಟೆವು. ಅಂಟನ್ನು ಪೂರ್ತಿ ಒತ್ತಿ ಹೊರಕ್ಕೆ ತಳ್ಳಿಬಿಟ್ಟರೆ ತೆಳುವಾಗಿ ಹಿಡಿತ ಹೋಗುತ್ತದೆ, ಅದಕ್ಕೆ ಅಷ್ಟು ದಪ್ಪ ಬೇಕು. ಮುಂದೆ ಕೂರಿಸಿದ ಹೊಸ ಪ್ಯಾನೆಲ್ಲಿನ ಎದುರಿಗೆ, ಗಾಳಿ ಅಡಿಗೆ ನುಗ್ಗದಂತೆ, ಇಳಿಜಾರಾದ ಒಂದು ಪಟ್ಟಿಯನ್ನೂ ಅಂಟಿಸಿದೆವು. ಅದನ್ನು ಮೊದಲ ಸಲವೇ ಹಾಕಬಹುದಿತ್ತು. ಹೊಳೆದಿರಲಿಲ್ಲ.

ಈ ಅಂಟು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೈಸೂರಿನ ಒಣ ಬೇಸಿಗೆಯಲ್ಲಿ ಇನ್ನೂ ನಿಧಾನ. ಹತ್ತು ದಿನ ಗಾಡಿಯನ್ನು ಅಲ್ಲಾಡಿಸಬಾರದೆಂದೆ. ಗೋಪಾಲಯ್ಯನವರು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಸೈಟಿನಲ್ಲಿ ಕುರ್ಚಿ ಹಾಕಿ ಕೂತರು. ನನ್ನ ಜೊತೆ ಮಾತು ಕಡಿಮೆ. ಹನ್ನೊಂದನೆಯ ದಿನ ಅವರೇ ಮೇಲೆ ಹತ್ತಿ, ಹನ್ನೆರಡು ಬ್ರಾಕೆಟ್‌ಗಳನ್ನೂ ಒಂದೊಂದಾಗಿ ಎರಡು ಕೈಯಲ್ಲಿ ಜಗ್ಗಿ ನೋಡಿದರು. ಇಳಿದು ಬಂದು, "ಹೂಂ" ಎಂದರು. ಅಷ್ಟೇ.

ಅವರು ಮರವಂತೆ ತಲುಪಿದರು. ಲೀಲಾವತಿಯವರು ಅಲ್ಲಿಂದ ಫೋನ್ ಮಾಡಿದಾಗ ಅಲೆಗಳ ಸದ್ದಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. "ಇವ್ರು ಹೇಳ್ತಿದ್ದಿದ್ದು ಕಡಿಮೇನೇ ಕಣಮ್ಮ" ಎಂದದ್ದು ಮಾತ್ರ ಕೇಳಿಸಿತು.

ಇಲ್ಲಿಗೆ ಮುಗಿಸಿದರೆ ಇದು ಹಿತವಾದ ಕಥೆಯಾಗುತ್ತದೆ. ಆದರೆ ಇಷ್ಟೆಲ್ಲ ಆಗುವವರೆಗೆ ನಾನು ಮಂಜುಳಾಳನ್ನು ನೋಡಲು ಹೋಗಿರಲಿಲ್ಲ. ವರದಿ ಬರೆದೆನಲ್ಲ, ಸತ್ಯ ಹೇಳಿದೆನಲ್ಲ ಎಂದುಕೊಂಡು ಒಂದು ತಿಂಗಳು ತಳ್ಳಿದೆ.

ಇಲವಾಲದಲ್ಲಿ ಅವಳ ಮನೆ. ಮೂವತ್ತೈದರ ಆಸುಪಾಸು. ಕಾಲೇಜೊಂದರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದರು. ನಾನು ಯಾರೆಂದು ಹೇಳಿ, ಜಗಲಿಯ ಮೇಲೆ ಕೂತು, ನಡೆದದ್ದನ್ನು ವಿವರಿಸಿದೆ. ಅಂಟು ಚೆನ್ನಾಗಿತ್ತು, ಬಣ್ಣ ಚಾವಣಿಗೆ ಕಚ್ಚಿಕೊಂಡಿರಲಿಲ್ಲ, ಗಾಳಿ ಅಂಚಿಗೆ ಸಿಕ್ಕಿತು, ಎಲ್ಲ. ಕೈಯಲ್ಲಿ ಬ್ರಾಕೆಟ್ಟಿನ ಆಕಾರ ಮಾಡಿ ಕೂಡ ತೋರಿಸಿದೆ. ಅವಳು ಬಲಗೈ ಮುಂದೆ ಚಾಚಿ ತಿರುಗಿಸಲು ನೋಡಿದಳು. ಅರ್ಧಕ್ಕೆ ನಿಂತಿತು.

"ಮುದ್ದೆ ತಿರುವಕ್ಕೆ ಆಗಾಕಿಲ್ಲ ಮೇಡಂ. ಈಗ ತರಕಾರಿ ಎಚ್ಚಕ್ಕೆ ಆಕವ್ರೆ ನನ್ನ, ಅದೂ ಎಡಗೈಲಿ. ನೀವು ಅಂಟು ಅಂತೀರ, ಬಣ್ಣ ಅಂತೀರ, ಗಾಳಿ ಅಂತೀರ. ನನ್ ಕೈ ಎಂಗಾತು ಅಂತ ಏಳುದ್ರಿ. ಯಾರು ಮಾಡುದ್ರು ಅಂತ ಏಳ್ಲೇ ಇಲ್ವಲ್ಲ?"

ಕಾರ್ಖಾನೆಯಲ್ಲಿ ನೂರಾರು ದೋಷ ವರದಿಗಳನ್ನು ನಾನು ತುಂಬಿದ್ದೇನೆ. 'ಕಾರಣ' ಎಂಬ ಕಾಲಮ್ಮಿನಲ್ಲಿ ಬರೆಯುತ್ತಿದ್ದದ್ದು ಧೂಳು, ತೇವ, ಪ್ರೈಮರ್ ಸಾಲದು, ಇಂಥವೇ. ಅವು ಯಾವುವೂ ತಾವಾಗಿ ಬಂದು ಕೂತವಲ್ಲ. ಪ್ರತಿಯೊಂದರ ಹಿಂದೆಯೂ ಒಬ್ಬ ಮನುಷ್ಯ, ಅವನು ಮಾಡದೆ ಬಿಟ್ಟ ಒಂದು ಕೆಲಸ ಇತ್ತು. ಪೊಲೀಸರಿಗೆ ಬರೆದ ವರದಿಯಲ್ಲೂ ನಾನು ಅದನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದ್ದೆ. ಈ ಹೆಣ್ಣುಮಗಳ ಎದುರಂತೂ ಆ ಪ್ಯಾರಾವನ್ನೇ ನುಂಗಿದ್ದೆ.

"ನಾನು" ಎಂದೆ. "ಬಣ್ಣ ಹೊಡೆಸಿದವನು ಪ್ರಕಾಶ್. ನೋಡಬೇಕಾಗಿದ್ದವಳು ನಾನು. ನೋಡದೆ ಸಹಿ ಹಾಕಿದೆ."

"ಅಂಗೆ ಏಳಿ ಮತ್ತೆ, ಮೊದ್ಲೇ" ಎಂದಳು. ಕಾಫಿ ಕುಡಿಯಿರಿ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಪ್ರಕಾಶ್ ಇಂದಿಗೂ ವರ್ಕ್‌ಶಾಪ್ ನಡೆಸುತ್ತಾನೆ. ಕೇಸು ಇನ್ನೂ ನಡೆಯುತ್ತಿದೆ. ನಾನು ಎರಡು ಸಲ ಸಾಕ್ಷಿ ಹೇಳಿ ಬಂದಿದ್ದೇನೆ, ಎರಡು ಸಲವೂ ನನ್ನ ತಪ್ಪಿನಿಂದಲೇ ಶುರು ಮಾಡಿದ್ದೇನೆ. ಹುಣಸೂರು ರಸ್ತೆಯಲ್ಲಿ ಹೋಗುವಾಗ ಅವನ ಹೊಸ ಬೋರ್ಡು ಕಾಣುತ್ತದೆ: ತೂತಿಲ್ಲದ ಸೋಲಾರ್, ಸೋರದ ಚಾವಣಿ. ನನ್ನ ಮೈ ಉರಿಯುತ್ತದೆ. ಈ ಕಸುಬಿನ ಕೊನೆಯ ಪಾಠವನ್ನು ನನಗೆ ಕಲಿಸಿದ್ದು ಕಾರ್ಖಾನೆಯಲ್ಲ, ಮುದ್ದೆ ತಿರುವಲಾಗದ ಆ ಕೈ: ಏನು ಕೆಟ್ಟಿತು ಎನ್ನುವುದು ಅರ್ಧ ಉತ್ತರ. ಯಾರು ಕೆಡಿಸಿದರು ಎಂದು ಬರೆಯುವವರೆಗೆ, ಅದು ನಮ್ಮದೇ ಹೆಸರಾದರೂ ಬರೆಯುವವರೆಗೆ, ವರದಿ ಮುಗಿಯುವುದಿಲ್ಲ.